ಒಂದು ದಿನಾನೂ ಮಾತ್ರೆ ನುಂಗಿದೋರಲ್ಲ

ತಿಥಿ ಮನೆಯಲ್ಲಿ ಊಟಕ್ಕೆ ಎಲೆ ಹಾಕುವ ಮುಂಚೆ ಒಂದು ಖಾಲಿ ಹೊತ್ತು ಇರುತ್ತದೆ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ಮೇಜಿನ ಮೇಲೆ ಹಾರ ಹಾಕಿದ ಫೋಟೊ, ಒಲೆಯ ಕಡೆಯಿಂದ ಒಗ್ಗರಣೆಯ ಘಮ. ಎಲ್ಲರಿಗೂ ಹಸಿವಾಗಿರುತ್ತದೆ, ಆದರೆ ಸತ್ತವರ ಫೋಟೊ ಮುಂದೆ ಹಸಿವು ತೋರಿಸಿಕೊಳ್ಳುವುದು ಮರ್ಯಾದೆಯಲ್ಲ. ಅದಕ್ಕೇ ಗುಣಗಾನ ಶುರುವಾಗುತ್ತದೆ. ಊರು ಮಧುಗಿರಿ ಕಡೆಯದಾಗಲಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯದಾಗಲಿ, ಮೂರು ಮಾತು ಬಂದೇ ಬರುತ್ತವೆ. 'ಯಜಮಾನ್ರು ಒಂದು ದಿನಾನೂ ಮಾತ್ರೆ ನುಂಗಿದೋರಲ್ಲ' ಎನ್ನುತ್ತಾರೆ ಒಬ್ಬರು. 'ಆಸ್ಪತ್ರೆ ಮೆಟ್ಲೇ ಹತ್ತಿರಲಿಲ್ಲ ಕಣಪ್ಪ' ಎಂದು ಇನ್ನೊಬ್ಬರು ಸೇರಿಸುತ್ತಾರೆ. 'ಕೊನೇವರ್ಗೂ ಯಾರ್ಗೂ ತೊಂದ್ರೆ ಕೊಡ್ಲಿಲ್ಲ, ಪುಣ್ಯಾತ್ಮ' ಎಂದು ಮೂರನೆಯವರು ಮುಗಿಸುತ್ತಾರೆ. ಪುಣ್ಯಾತ್ಮರು ಹೋದದ್ದು ಕ್ಯಾನ್ಸರಿನಿಂದ ಎಂಬುದು ಕುರ್ಚಿಯಲ್ಲಿ ಕೂತವರಿಗೆಲ್ಲ ಗೊತ್ತು. ಮೂರೂ ಮಾತು ಪ್ರೀತಿಯಿಂದಲೇ ಬಂದವು, ಹೇಳಿದವರ ಮಟ್ಟಿಗೆ ಸುಳ್ಳೂ ಅಲ್ಲ. ಆದರೂ ನನಗೆ ಇವು ಹಿಡಿಸುವುದಿಲ್ಲ. ಹಿಡಿಸದಿದ್ದರೂ ಪಾಯಸ ಬಡಿಸುವ ತನಕ ಬಾಯಿ ಮುಚ್ಚಿಕೊಂಡಿದ್ದು, ಕೈ ತೊಳೆದ ಮೇಲೆ ಬರೆಯಲು ಕೂರುವುದು ಪ್ರಬಂಧ ಬರೆಯುವವರ ಹಳೆಯ ಚಾಳಿ. ಅದನ್ನೇ ಈಗ ಮಾಡುತ್ತಿದ್ದೇನೆ.

ನನ್ನ ತಕರಾರು ಇಷ್ಟೇ. ಮಕ್ಕಳಿಗಾಗಿ ಜೀವ ತೇಯ್ದ ಅಪ್ಪನನ್ನು ನೆನೆಯುವಾಗ ಅವನು ಮಾಡಿದ್ದನ್ನೂ ಅವನು ಮುಚ್ಚಿಟ್ಟದ್ದನ್ನೂ ನಾವು ಒಂದೇ ತಕ್ಕಡಿಗೆ ಹಾಕುತ್ತೇವೆ. ಮಾಡಿದ್ದು ಪ್ರೀತಿ. ಮುಚ್ಚಿಟ್ಟದ್ದು ನೋವು. ಮುಚ್ಚಿಟ್ಟದ್ದೇ ಪ್ರೀತಿಯ ತುತ್ತತುದಿ ಎಂದು ತೀರ್ಪು ಕೊಟ್ಟು, ಅದಕ್ಕೆ ಹಾರ ಹಾಕುತ್ತೇವೆ. ಮಾಡಿದ್ದರ ಕಡೆ ನೋಡಿದರೆ ಹಾರಕ್ಕೆ ಬೇರೆ ಕಾರಣ ಹುಡುಕಬೇಕಾಗಿಯೇ ಇಲ್ಲ. ಈ ನಾಲ್ಕು ತಾಲ್ಲೂಕು ಸೇರಿಸಿ ಸರ್ಕಾರ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಮಾಡಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯ ಪಟ್ಟಿಯಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ. ಕಂದಾಯ ಜಿಲ್ಲೆ ಆಗಬೇಕೆಂಬ ಮಧುಗಿರಿಯ ಬಯಕೆ ಈಡೇರಲಿಲ್ಲ, ಪಾಠದ ಮಟ್ಟಿಗೆ ಮಾತ್ರ ಜಿಲ್ಲೆಯಾಯಿತು. ಇದು ಇಲ್ಲಿನ ಅಪ್ಪಂದಿರಿಗೆ ಒಪ್ಪುವ ಮಾತೇ. ಮಳೆ ನಂಬಿ ಕಡ್ಲೆಕಾಯಿ ಬಿತ್ತುವ ನೆಲ; ಬಿತ್ತಿದ್ದು ಬಂದರೆ ಬಂತು. ಬಂದ ಕಾಸಿನಲ್ಲಿ ಮೊದಲ ಪಾಲು ಮಗಳ ಹಾಸ್ಟೆಲಿಗೆ, ಮಗನ ಫೀಸಿಗೆ. ತಗಡಿನ ಟ್ರಂಕು ತಲೆಯ ಮೇಲಿಟ್ಟುಕೊಂಡು ಸಿದ್ಧಗಂಗಾ ಮಠಕ್ಕೆ ಹುಡುಗನನ್ನು ಸೇರಿಸಲು ಹೋಗಿ, ಸಾಲಿನಲ್ಲಿ ನಿಂತು, ಸೇರಿಸಿ, ಹುಡುಗ ಅಳುವುದಕ್ಕೆ ಮುಂಚೆ ಬೆನ್ನು ತಿರುಗಿಸಿ ಕ್ಯಾತ್ಸಂದ್ರದ ಬಸ್ ನಿಲ್ದಾಣದ ಕಡೆ ಬಿರಬಿರನೆ ನಡೆದ ಅಪ್ಪಂದಿರು ಈ ಸೀಮೆಯಲ್ಲಿ ಎಷ್ಟು ಸಾವಿರವೋ. ಇವರಿಗೆ ಪ್ರೀತಿ ತೋರಿಸಲು ಬರುತ್ತಿರಲಿಲ್ಲ ಎಂದು ಯಾರು ಹೇಳಿದರು? ಚೆನ್ನಾಗಿಯೇ ಬರುತ್ತಿತ್ತು. ಟ್ರಂಕಿಗಿಂತ ದೊಡ್ಡ ಸಾಕ್ಷಿ ಬೇಕೆ?

ಈಗ ಮುಚ್ಚಿಟ್ಟದ್ದರ ಕಡೆ ಬರೋಣ. ನಮ್ಮದು ರಾಗಿಮುದ್ದೆಯ ಸೀಮೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಅಗಿಯುವವನನ್ನು ಬೆಂಗಳೂರಿನವನೆಂದು ನಗುತ್ತಾರೆ. ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಅನ್ನನಾಳದಲ್ಲಿ ಗಡ್ಡೆ ಬೆಳೆಯುವವನಿಗೆ ಮೊದಲು ಅಡ್ಡಬರುವುದು ಗಟ್ಟಿ ಪದಾರ್ಥ, ಆಮೇಲೆ ಮೆತ್ತನೆಯದು, ಕೊನೆಗೆ ನೀರು. ಎಂದರೆ ಮುದ್ದೆ ತಿನ್ನುವ ಊರಿನಲ್ಲಿ ಗಂಟಲು ಸುದ್ದಿ ಹೇಳುವುದು ಅನ್ನ ತಿನ್ನುವ ಊರಿಗಿಂತ ಬೇಗ ಎಂದು ನಾನು ಊಹಿಸುತ್ತೇನೆ. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಯುತ್ತದೆ. 'ಯಾಕೋ ಸೇರ್ತಿಲ್ಲ, ಅಂಬ್ಲಿ ಮಾಡು' ಎನ್ನುತ್ತಾನೆ ಅಪ್ಪ. ಬಾಯಿಯ ಕ್ಯಾನ್ಸರಿನಲ್ಲಿ ಕಥೆ ಬೇರೆ: ಖಾರ ಉರಿಯುತ್ತದೆ. ಉಪ್ಸಾರಿನ ಖಾರವನ್ನು ಬೆರಳಲ್ಲಿ ನೆಕ್ಕುತ್ತಿದ್ದ ಮನುಷ್ಯ ಸಾರಿಗೆ ಮಜ್ಜಿಗೆ ಸುರಿದುಕೊಳ್ಳುತ್ತಾನೆ. ಬಾಯಿ ಮೊದಲಿನಷ್ಟು ತೆರೆಯುವುದಿಲ್ಲ, ತುತ್ತು ಸಣ್ಣದಾಗುತ್ತದೆ. ಒಂದು ಕೆನ್ನೆಯಲ್ಲೇ ಅಗಿಯುತ್ತಾನೆ. ಹೆಗಲ ಮೇಲಿನ ಟವಲು ದವಡೆಯ ಮೇಲೆ ಬರುತ್ತದೆ, ಹಲ್ಲುನೋವು ಎನ್ನುತ್ತಾನೆ. ಇದನ್ನೆಲ್ಲ ಮೊದಲು ನೋಡುವವಳು ಬಡಿಸುವ ಹೆಂಡತಿ. 'ಒಂದ್ಸಲ ತೋರಿಸ್ಕೊಂಡು ಬನ್ನಿ' ಎಂದು ಅವಳು ಹೇಳದೇ ಇರುವುದಿಲ್ಲ. 'ಕಡ್ಲೆಕಾಯಿ ಕಿತ್ತಾದ ಮೇಲೆ ನೋಡಾಣ' ಎಂಬುದು ಉತ್ತರ. ಕಡ್ಲೆಕಾಯಿ ಕೀಳುವುದು ಮುಗಿದರೆ ರಾಗಿ ಕೊಯ್ಲು, ರಾಗಿ ಮುಗಿದರೆ ಹುಣಸೆ ಬಡಿಯುವ ಕಾಲ, ಅದಾದರೆ ಮಗಳಿಗೆ ಗಂಡು ನೋಡುವುದು. ತಿಥಿಯ ದಿನ ನಾವು ಹೊಗಳುವ ಮೌನ ಎಂಬುದು ಈ ಮುಂದೂಡಿಕೆಗಳ ಒಟ್ಟು ಮೊತ್ತ.

ಮೌನಕ್ಕೆ ಈ ಸೀಮೆಯ ನೀರೂ ಕೈಜೋಡಿಸಿದೆ. ಪಾವಗಡ, ಮಧುಗಿರಿ, ಶಿರಾ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ನಿಯಮ. ಅದನ್ನು ದಾಟಿದ ನೀರನ್ನು ತಲೆಮಾರುಗಟ್ಟಲೆ ಕುಡಿದವರ ಹಲ್ಲು ಕಂದು, ಮಂಡಿ ಬಿಗಿ, ಬೆನ್ನು ಬಾಗಿಲ ಚೌಕಟ್ಟಿನಂತೆ ನೆಟ್ಟಗೆ. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರಬೇಕಾಯಿತು, ಅಷ್ಟರ ಮಟ್ಟಿಗೆ ಅದು ದೊಡ್ಡ ಗೋಳು. ತಪ್ಪು ತಿಳಿಯಬಾರದು: ಈ ನೀರಿನಿಂದ ಕ್ಯಾನ್ಸರ್ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಹೇಳುವುದು ಬೇರೆ. ಊರಿಗೂರೇ ಮೈಕೈ ನೋವು ಎನ್ನುವ ಕಡೆ ಒಬ್ಬನ ಮೈಕೈ ನೋವಿಗೆ ಬೆಲೆಯಿರುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗ ಮೊದಲು ನೋಯುವುದು ಸೊಂಟ, ಬೆನ್ನು. ಪಾವಗಡದಲ್ಲಿ ಸೊಂಟ ನೋಯುತ್ತದೆ ಎಂದರೆ 'ಯಾರಿಗಿಲ್ಲಪ್ಪ, ನೀರು ಅಂಥಾದ್ದು' ಎನ್ನುತ್ತಾರೆ. ಅಪ್ಪನೂ ಅದನ್ನೇ ನಂಬುತ್ತಾನೆ, ನಂಬುವುದು ಅವನಿಗೂ ಅನುಕೂಲ. ನೋವನ್ನು ನೀರಿನ ಖಾತೆಗೆ ಬರೆದರೆ ಆಸ್ಪತ್ರೆಯ ಖರ್ಚು ಉಳಿಯಿತಲ್ಲ.

ಎಲೆ ಅಡಿಕೆಯ ವಿಚಾರ ಎತ್ತದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ, ಎತ್ತಿದರೆ ಶಿರಾ, ಕೊರಟಗೆರೆಯ ತೋಟದವರು ಬೇಸರ ಮಾಡಿಕೊಳ್ಳುತ್ತಾರೆ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಬೀಡಿ, ಕಡ್ಡಿಪುಡಿ, ಹೊಗೆಸೊಪ್ಪು. ಗುಟ್ಕಾವನ್ನು ರಾಜ್ಯ 2013ರಲ್ಲೇ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಮಾಡಿ ಮಾರಿದರು, ಕಲಸುವ ಕೆಲಸ ಅಂಗೈಗೆ ಬಿತ್ತು, ಅಷ್ಟೇ. ಇನ್ನು ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ತಂಬಾಕು ಬೆರೆಸದಿದ್ದರೂ ಸರಿಯೇ. ಆದರೆ ಮಗನ ಇಂಜಿನಿಯರಿಂಗ್ ಸೀಟು ಬಂದದ್ದು ಆ ಅಡಿಕೆಯಿಂದ. ಆಸ್ಪತ್ರೆಯ ಬಿಲ್ಲು ಕಟ್ಟುವುದೂ ಅದರಿಂದಲೇ. ಅಪ್ಪ ತನ್ನ ತೋಟದ ಬೆಳೆಯನ್ನು ತಾನೇ ಅಗಿದದ್ದಕ್ಕೆ ಅವನನ್ನು ಕಟಕಟೆಗೆ ಹತ್ತಿಸುವ ಉದ್ದೇಶ ನನಗಿಲ್ಲ. ಎಲೆ ಅಡಿಕೆ ತಟ್ಟೆ ಮುಂದಿಡದೆ ನೆಂಟರನ್ನು ಮಾತಾಡಿಸುವ ಮನೆ ಈ ಸೀಮೆಯಲ್ಲಿ ಇರಲಿಲ್ಲ. ಚಟದ ತಪ್ಪು ಊರಿನದು, ಹುಣ್ಣು ಮಾತ್ರ ಒಬ್ಬನದು. ಹಾಗಿರುವಾಗ ಆ ಹುಣ್ಣನ್ನು ಒಬ್ಬನೇ ಬಚ್ಚಿಟ್ಟುಕೊಂಡದ್ದನ್ನು ಊರು ಹೊಗಳುವುದು ಸ್ವಲ್ಪ ಅನುಮಾನಕ್ಕೆ ಎಡೆಮಾಡುತ್ತದೆ.

ಇಲ್ಲಿ ಯಾರಾದರೂ ತಡೆದು ಕೇಳಬೇಕು, ಕೇಳುತ್ತಾರೆ ಕೂಡ: 'ಹೇಳೋದು ಸುಲಭ ಸ್ವಾಮಿ. ದುಡ್ಡೆಲ್ಲಿತ್ತು? ಪಾವಗಡದಿಂದ ಬೆಂಗಳೂರು ಏನು ಪಕ್ಕದ ಬೀದಿಯೇ?' ಒಪ್ಪಿದೆ. ಪಾವಗಡದಿಂದ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ 150 ಕಿಲೋಮೀಟರಿನ ಮೇಲಾಗುತ್ತದೆ. ರೈಲ್ವೆಯವರು ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಟಿಕೆಟ್ಟಿನಲ್ಲಿ ದೊಡ್ಡ ರಿಯಾಯಿತಿ ಕೊಡುತ್ತಾರೆ. ಆದರೆ ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ರಾಯದುರ್ಗಕ್ಕೆ ಹೋಗಬೇಕಾದ ಮಾರ್ಗದ ಕೆಲಸ ವರ್ಷಗಳಿಂದ ಕುಂಟುತ್ತಾ ಸಾಗಿದೆ. ರಿಯಾಯಿತಿ ಇದೆ, ಹತ್ತಲು ಗಾಡಿ ಇಲ್ಲ. ರೇಡಿಯೇಷನ್ ಎಂದರೆ ವಾರಗಟ್ಟಲೆ ದಿನಾ ಹೋಗಬೇಕು, ಜೊತೆಗೊಬ್ಬರು ಬೇಕು, ಜೊತೆಗೆ ಬಂದವರ ಕೂಲಿ ಹೋಯಿತು. ಬಡತನ ಒಬ್ಬನ ಬಾಯಿ ಮುಚ್ಚಿಸುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಡತನ ಬಾಯಿ ಮುಚ್ಚಿಸಿದ್ದಾದರೆ ಅದನ್ನು ಬಡತನವೆಂದೇ ಕರೆಯಬೇಕು. ತಿಥಿಯಲ್ಲಿ ಅದೇ ಸಂಗತಿಗೆ ತ್ಯಾಗ ಎಂಬ ಬಿರುದು ಸಿಕ್ಕಿದರೆ, ಬಸ್ಸಿಲ್ಲದ್ದು, ರೈಲಿಲ್ಲದ್ದು, ಹತ್ತಿರದಲ್ಲಿ ತಪಾಸಣೆಯಿಲ್ಲದ್ದು ಎಲ್ಲವೂ ಅಪ್ಪನ ಸದ್ಗುಣದ ಹಿಂದೆ ಮಾಯವಾಗುತ್ತವೆ. ಶಾಮಿಯಾನಕ್ಕೆ ಬಂದು ಕೈಮುಗಿದು ಹೋಗುವ ಜನಪ್ರತಿನಿಧಿಗೆ ಇದಕ್ಕಿಂತ ಅನುಕೂಲದ ಹೊಗಳಿಕೆ ಇನ್ನೊಂದಿಲ್ಲ. ಇನ್ನೊಂದು ಮಾತು: ದುಡ್ಡಿನ ಕಾರಣ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. ಕಿದ್ವಾಯಿ 1973ರಿಂದ ಇದೆ, ಸರ್ಕಾರದ ಆಶ್ರಯದ್ದು. ರೋಗಿಯ ಜೊತೆಗೆ ಬಂದವರು ತಂಗಲು ಧರ್ಮಶಾಲೆಯಿದೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಇದರಲ್ಲಿ ತೊಡಕುಗಳಿವೆ, ಚೀಟಿಗಾಗಿ ಅಲೆದಾಟವಿದೆ, ಕಾರ್ಡಿನಲ್ಲಿ ಹೆಸರು ತಪ್ಪಾದರೆ ಮುಗಿಯಿತು. ಆದರೂ ದಾರಿ ಇದೆ. ದಾರಿ ಇರುವಾಗಲೂ ಎರಡು ಎಕರೆ, ಮೂರು ಎಕರೆ ಅಡಿಕೆ ತೋಟದ ಯಜಮಾನರೂ ಕಡ್ಲೆಕಾಯಿ ಹೊಲದವರಷ್ಟೇ ತಡವಾಗಿ ಬರುತ್ತಾರೆ ಎಂದರೆ ಬಡತನವೊಂದೇ ಕಾರಣವಾಗಲಾರದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಬೇಗ ತೋರಿಸಿದ್ದರೆ ಉಳಿಯುತ್ತಿದ್ದರು ಎಂದು ಹೇಳಲು ನೀವು ಯಾರು? ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಸದ್ದಿಲ್ಲದೆ ಬೆಳೆದು, ಗೊತ್ತಾಗುವಾಗ ಮೀರಿಹೋಗಿರುತ್ತದೆ. ಶ್ವಾಸಕೋಶದ್ದೂ ಎಷ್ಟೋ ಸಲ ಹಾಗೆಯೇ. ಸತ್ತವರ ಮಕ್ಕಳ ಎದೆಯ ಮೇಲೆ 'ಬೇಗ ಕರ್ಕೊಂಡು ಹೋಗಿದ್ರೆ' ಎಂಬ ಕಲ್ಲು ಇಡುವುದು ಕ್ರೌರ್ಯ. ಈ ಮಾತಿಗೆ ನಾನು ತಲೆಬಾಗುತ್ತೇನೆ. ಎಲ್ಲ ಕ್ಯಾನ್ಸರಿಗೂ ಬೇಗ ಎಂಬುದೇ ಇರುವುದಿಲ್ಲ. ಆದರೆ ನಮ್ಮ ಕಡೆಯ ಗಂಡಸರ ಬಾಯಿಯ ಕ್ಯಾನ್ಸರಿಗೆ ಇದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ಬೆಳಕಿನಲ್ಲಿ ನೋಡಿದರು. ಹೆಚ್ಚಿನ ಯಂತ್ರವೇನೂ ಇಲ್ಲ. ವರ್ಷಗಳ ಕಾಲ ಹೀಗೆ ನೋಡಿ, 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೆಕ್ಕ ಕೊಟ್ಟರು: ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ತಗ್ಗಿತ್ತು. ಬಾಯಿ ತೆರೆದದ್ದಕ್ಕೆ ಇಷ್ಟು ಫಲ! ನಮ್ಮಲ್ಲೂ ಮೂವತ್ತು ದಾಟಿದವರ ಬಾಯಿ ನೋಡುವ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆ ಚೀಟಿ ಹಿಡಿದು ಮನೆಗೆ ಬರುತ್ತಾಳೆ. ಯಜಮಾನರು ಅಷ್ಟು ಹೊತ್ತಿಗೆ ಸರಿಯಾಗಿ ತೋಟದ ಕಡೆ ಹೋಗಿರುತ್ತಾರೆ, ಇದ್ದರೂ 'ನಂಗೇನಾಗೈತೆ, ನಮ್ಮ ಮನೆಯವಳನ್ನ ನೋಡವ್ವ' ಎಂದು ಎದ್ದು ಹೋಗುತ್ತಾರೆ.

ಇನ್ನು ಉಳಿಯಲಾರದ ರೋಗದಲ್ಲೂ ಮೌನಕ್ಕೆ ಬೆಲೆ ತೆರಬೇಕಾಗುತ್ತದೆ. ಕ್ಯಾನ್ಸರಿನ ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಅದು ಬೇಕಾದವರಿಗೆ ಸಿಗಲಿ ಎಂದು 2014ರಲ್ಲಿ ಮಾದಕವಸ್ತು ಕಾನೂನನ್ನೇ ತಿದ್ದಿದರು. ಬೆಂಗಳೂರಿನ ಕರುಣಾಶ್ರಯ 1999ರಿಂದಲೂ, ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ನೋವು ಇದೆ ಎಂದು ಹೇಳಿದವನಿಗೆ ಮಾತ್ರ ಇವು ದಕ್ಕುತ್ತವೆ. ಹಲ್ಲು ಕಚ್ಚಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದವನಿಗೆ ಯಾವ ವೈದ್ಯ ಏನು ಕೊಟ್ಟಾನು? ಒಂದು ದಿನವೂ ಮಾತ್ರೆ ನುಂಗಲಿಲ್ಲ ಎಂದು ನಾವು ಹೊಗಳುವಾಗ, ನುಂಗಿದ್ದರೆ ಆ ಕೊನೆಯ ಎರಡು ತಿಂಗಳು ಅವರು ನಿದ್ದೆ ಮಾಡುತ್ತಿದ್ದರು ಎಂಬುದು ಯಾರ ತಲೆಗೂ ಬರುವುದಿಲ್ಲ.

ಈ ಮೌನ ಬರಿಯ ದೇಹದ್ದಲ್ಲ. ರೋಗ ಮುಚ್ಚಿಡುವ ಅಪ್ಪ ಸಾಲವನ್ನೂ ಮುಚ್ಚಿಟ್ಟಿರುತ್ತಾನೆ. ಕಾರ್ಯ ಮುಗಿದ ವಾರದಲ್ಲಿ ಮಕ್ಕಳು ಕಬ್ಬಿಣದ ಪೆಟ್ಟಿಗೆ ತೆಗೆದು ನೋಡಿದರೆ ಹಳೆಯ ಪಹಣಿ, ಸೊಸೈಟಿಯ ನೋಟಿಸು, ಗೊಬ್ಬರದಂಗಡಿಯ ಚೀಟಿ, ಯಾರದೋ ಮದುವೆಗೆ ಜಾಮೀನು ಹಾಕಿದ ಪತ್ರ, ರಬ್ಬರ್ ಬ್ಯಾಂಡು ಸುತ್ತಿದ ಮಕ್ಕಳ ಅಂಕಪಟ್ಟಿಗಳು. ಯಾವ ಕೊಳವೆಬಾವಿ ಯಾವ ಸರ್ವೆ ನಂಬರಿನಲ್ಲಿ ಬತ್ತಿತು, ಯಾವ ಜಮೀನಿನ ಪೋಡಿ ಆಗಿಲ್ಲ, ದಾಯಾದಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ದಾರಿ ಎಲ್ಲಿಯದು, ಇದೆಲ್ಲ ಅಪ್ಪನ ತಲೆಯಲ್ಲಿತ್ತು. ರೋಗವನ್ನು ಹೇಳಿಕೊಂಡಿದ್ದರೆ ಆರು ತಿಂಗಳು ಕೂತು ಇದನ್ನೂ ಹೇಳುತ್ತಿದ್ದನೋ ಏನೋ. ಹೇಳಲಿಲ್ಲ. ಮಕ್ಕಳಿಗೆ ತೊಂದರೆ ಕೊಡಬಾರದೆಂದು ಸುಮ್ಮನಿದ್ದವನು ಮಕ್ಕಳಿಗೆ ಬಿಟ್ಟುಹೋದದ್ದು ಮಧುಗಿರಿ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಹತ್ತು ವರ್ಷ ಅಲೆಯುವ ಕೆಲಸ. ತೊಂದರೆ ಕೊಡಲಿಲ್ಲ ಎಂಬ ಹೊಗಳಿಕೆ ಇಲ್ಲಿ ವಾಸ್ತವದ ಮಟ್ಟದಲ್ಲೇ ಸೋಲುತ್ತದೆ.

ದೊಡ್ಡವರು ನೋವನ್ನು ನುಂಗಿಕೊಳ್ಳುತ್ತಾರೆ, ಅದು ಅವರ ದೊಡ್ಡತನ ಎಂದು ವಾದಿಸುವವರಿಗೆ ದೊಡ್ಡವರ ಉದಾಹರಣೆಯನ್ನೇ ಕೊಡಬಹುದು. ಪಾವಗಡದ ರಾಮಕೃಷ್ಣ ಸೇವಾಶ್ರಮದ ಗೋಡೆಯ ಮೇಲೆ ಯಾರ ಪಟವಿದೆಯೋ ಆ ಪರಮಹಂಸರು ತೀರಿಕೊಂಡದ್ದು ಗಂಟಲಿನ ಕ್ಯಾನ್ಸರಿನಿಂದ. 1885ರಲ್ಲಿ ಗಂಟಲು ನೋಯತೊಡಗಿತು, 1886ರ ಆಗಸ್ಟ್ 16ರಂದು ದೇಹ ಬಿಟ್ಟರು. ಆ ನಡುವೆ ಅವರು ಕಾಡಿಗೆ ಹೋಗಿ ಬಚ್ಚಿಟ್ಟುಕೊಳ್ಳಲಿಲ್ಲ. ಡಾ. ಮಹೇಂದ್ರಲಾಲ್ ಸರ್ಕಾರ್ ಬಂದಾಗ ಬಾಯಿ ತೆರೆದು ತೋರಿಸಿದರು, ಔಷಧಿ ತೆಗೆದುಕೊಂಡರು, ಶಾರದಾದೇವಿಯವರು ಮಾಡಿಕೊಟ್ಟ ಗಂಜಿ ಕುಡಿದರು, ಯುವಕರಿಗೆ ಸರದಿಯ ಮೇಲೆ ಶುಶ್ರೂಷೆ ಮಾಡಲು ಬಿಟ್ಟರು. ಮುಂದೆ ವಿವೇಕಾನಂದರಾದ ನರೇಂದ್ರನ ಸುತ್ತ ಆ ಹುಡುಗರು ಒಂದು ಬಳಗವಾಗಿ ಕೂಡಿಕೊಂಡದ್ದು ಕಾಶೀಪುರದ ಆ ರೋಗಿಯ ಕೋಣೆಯ ಹೊರಗೇ. ರಮಣ ಮಹರ್ಷಿಗಳು ತಾನು ಈ ದೇಹವಲ್ಲ ಎಂದು ಜೀವಮಾನವಿಡೀ ಹೇಳಿದವರು. ಎಡತೋಳಿನ ಗಡ್ಡೆಗೆ ನಾಲ್ಕು ಬಾರಿ ಶಸ್ತ್ರಚಿಕಿತ್ಸೆಗೆ ತೋಳೊಡ್ಡಿ 1950ರ ಏಪ್ರಿಲಿನಲ್ಲಿ ತೀರಿಕೊಂಡರು. ಅಷ್ಟು ದೂರ ಯಾಕೆ, ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು 2018ರ ಡಿಸೆಂಬರಿನಲ್ಲಿ ಚೆನ್ನೈಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದರು, ಆಗ ಅವರಿಗೆ 111. ಅವರದು ಕ್ಯಾನ್ಸರಲ್ಲ, ಮಾತು ಅದಲ್ಲ. ನಡೆದಾಡುವ ದೇವರೆಂದು ಇಡೀ ಜಿಲ್ಲೆ ಕೈಮುಗಿದವರು ವೈದ್ಯರ ಕೈಗೆ ಮೈಯೊಪ್ಪಿಸಿದರು, ಇಡೀ ಜಿಲ್ಲೆ ಟಿ.ವಿ. ಮುಂದೆ ಕೂತು ಅವರ ರಕ್ತದೊತ್ತಡದ ಸುದ್ದಿ ಕೇಳಿತು. ಇದರಿಂದ ಅವರ ದೊಡ್ಡತನ ಎಳ್ಳಷ್ಟಾದರೂ ಕಡಿಮೆಯಾಯಿತೆ? ದೇವರಿಗಿಲ್ಲದ ಬಿಗುಮಾನ ಮನೆಯ ಯಜಮಾನನಿಗೆ ಎಲ್ಲಿಂದ ಬಂತು ಎಂದರೆ, ನಾವು ಕೊಟ್ಟದ್ದು ಎನ್ನಬೇಕಾಗುತ್ತದೆ.

ನಾವು ಎನ್ನುವಾಗ ಮಕ್ಕಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ರೋಗ ಗೊತ್ತಾದ ಮೇಲೆ ಮೌನದ ಪಾಳಿ ಬದಲಾಗುತ್ತದೆ. ಅಪ್ಪನಿಗೆ ಹೇಳಬೇಡಿ, ಕುಗ್ಗಿಹೋಗುತ್ತಾರೆ ಎಂದು ಮಗ ಡಾಕ್ಟರಿಗೆ ಕಣ್ಸನ್ನೆ ಮಾಡುತ್ತಾನೆ. ಹುಣ್ಣು, ಗಡ್ಡೆ, ಇನ್‌ಫೆಕ್ಷನ್, ಏನೋ ಒಂದು ಹೆಸರು ಕೊಟ್ಟು ಬಸ್ಸು ಹತ್ತಿಸುತ್ತಾರೆ. ಕಿದ್ವಾಯಿಗೆ ಬರೆದುಕೊಟ್ಟರು ಎಂದರೆ ಏನೆಂದು ಪಾವಗಡದ ಸಂತೆಯಲ್ಲಿ ಹುಣಸೆ ಮಾರುವ ಅಜ್ಜಿಗೂ ತಿಳಿದಿದೆ; ಮೂರು ಮಕ್ಕಳನ್ನು ಓದಿಸಿದ ಮನುಷ್ಯನಿಗೆ ಗೇಟಿನ ಮೇಲಿನ ಬೋರ್ಡು ಓದಲು ಬರುವುದಿಲ್ಲವೆಂದು ಮನೆಯವರೆಲ್ಲ ನಟಿಸುತ್ತಾರೆ. ಅವನೂ ಓದದವನಂತೆ ನಟಿಸುತ್ತಾನೆ. ಗಡಿಯ ಕಡೆಯ ಮನೆಗಳಲ್ಲಿ ಈ ನಾಟಕ ಕನ್ನಡ, ತೆಲುಗು ಎರಡರಲ್ಲೂ ನಡೆಯುತ್ತದೆ. ಒಬ್ಬರನ್ನೊಬ್ಬರು ಕಾಪಾಡುವ ಹೆಸರಿನಲ್ಲಿ ಯಾರೂ ಯಾರ ಜೊತೆಗೂ ಮಾತಾಡದೆ, ಆ ಉಳಿದ ಸ್ವಲ್ಪ ಕಾಲ ಟ್ಯಾಕ್ಸಿ ಬಾಡಿಗೆ, ಎಳನೀರು, ಹವಾಮಾನದ ಮಾತಿನಲ್ಲಿ ಕಳೆದುಹೋಗುತ್ತದೆ. ಎಲ್ಲ ರೋಗಿಗೂ ಎಲ್ಲವನ್ನೂ ಹೇಳಲೇಬೇಕು ಎಂಬ ಹಟ ನನ್ನದಲ್ಲ. ತಿಳಿಯುವುದು ಬೇಡ ಎನ್ನುವ ಹಕ್ಕೂ ಮನುಷ್ಯನಿಗಿದೆ. ಆದರೆ ಬೇಡ ಎನ್ನಬೇಕಾದವನು ಅವನು. ಮನೆಯಲ್ಲಿ ಯಾರೂ ಅವನನ್ನು ಕೇಳಿರುವುದಿಲ್ಲ.

ಕ್ಯಾನ್ಸರ್ ಎಂದು ಬಾಯಿಬಿಟ್ಟು ಹೇಳಿದರೆ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲ ಎಂಬ ಭಯವೂ ಇದೆ. ಇದು ಕಲ್ಪನೆಯಲ್ಲ, ಇದ್ದದ್ದೇ. ಆದರೆ ಇದೇ ಪಾವಗಡದಲ್ಲಿ ಕುಷ್ಠ, ಕ್ಷಯಗಳ ಹೆಸರನ್ನೂ ಒಂದು ಕಾಲಕ್ಕೆ ಯಾರೂ ಎತ್ತುತ್ತಿರಲಿಲ್ಲ. ಸ್ವಾಮಿ ಜಪಾನಂದಜಿಯವರ ರಾಮಕೃಷ್ಣ ಸೇವಾಶ್ರಮ ಆ ರೋಗಿಗಳನ್ನು ಕರೆದು ಕೂರಿಸಿ ಔಷಧಿ ಕೊಡತೊಡಗಿದ ಮೇಲೆ ಜನ ಬಂದರ‍ಲ್ಲವೆ? ಮುಚ್ಚಿಡುವುದು ಈ ಮಣ್ಣಿನ ಗುಣವಾಗಿದ್ದರೆ ಅದು ಆಗುತ್ತಿರಲಿಲ್ಲ. ಕೇಳುವವರು ಇದ್ದಾರೆ ಎಂದು ಗೊತ್ತಾದರೆ ಇಲ್ಲಿನ ಜನ ಹೇಳುತ್ತಾರೆ.

ತಿಥಿಯ ದಿನವೇ ಈ ವಾದ ಬೇಕಿತ್ತೆ, ನೊಂದವರಿಗೆ ಒಂದು ಸಮಾಧಾನದ ಮಾತು ಸಿಗಲಿ ಬಿಡಿ, ಎಂದರೆ ಅದಕ್ಕೂ ನನ್ನಲ್ಲಿ ಉತ್ತರವಿದೆ. ಆ ಮಾತನ್ನು ಕೇಳಿಸಿಕೊಳ್ಳುವವರು ಸತ್ತವರ ಮಕ್ಕಳು ಮಾತ್ರ ಅಲ್ಲ. ಕೊನೆಯ ಸಾಲಿನ ಕುರ್ಚಿಗಳಲ್ಲಿ ನಲವತ್ತು, ನಲವತ್ತೈದರ ಗಂಡಸರು ಕೂತಿರುತ್ತಾರೆ. ಅವರಿಗೂ ಓದುವ ಮಕ್ಕಳಿದ್ದಾರೆ, ಸಾಲವಿದೆ, ಒಸಡಿನ ಸಂದಿಯಲ್ಲಿ ಕಡ್ಡಿಪುಡಿಯಿದೆ, ಒಬ್ಬಿಬ್ಬರ ಕೆನ್ನೆಯೊಳಗೆ ಬಿಳಿಯ ಮಚ್ಚೆಯೂ ಇದ್ದೀತು. ಒಳ್ಳೆಯ ಅಪ್ಪ ಎಂದರೆ ಆಸ್ಪತ್ರೆಯ ಮೆಟ್ಟಿಲು ಹತ್ತದವನು ಎಂಬ ಪಾಠ ಅವರಿಗೆ ಆ ಶಾಮಿಯಾನದಲ್ಲಿ ಆಗುತ್ತದೆ. ಬರೆಯುವವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಅಪ್ಪನ ಮೇಲೆ ಏನು ಬರೆದರೂ ಬೆಟ್ಟ, ಬಂಡೆ, ಆಲದ ಮರ. ಮಧುಗಿರಿಯವರಾದರಂತೂ ಏಕಶಿಲಾ ಬೆಟ್ಟ ಕಿಟಕಿಯಾಚೆಗೇ ಇದೆ, ಉಪಮೆಗೆ ಹುಡುಕಾಟವೇ ಬೇಡ. ಬೆಟ್ಟಕ್ಕೆ ಬಯಾಪ್ಸಿ ಮಾಡಿಸುವ ಅಗತ್ಯ ಬೀಳುವುದಿಲ್ಲ. ಅಪ್ಪನಿಗೆ ಬೀಳುತ್ತದೆ. ಅವನನ್ನು ಮನುಷ್ಯನೆಂದು ನೆನೆದರೆ ಸಾಕು: ಫಲಿತಾಂಶದ ದಿನ ಅಂಗಡಿಯ ಮುಂದೆ ಪತ್ರಿಕೆ ಹಿಡಿದು ನಂಬರು ಹುಡುಕಿದವನು, ಬಸ್ಸಿನಲ್ಲಿ ನಿಂತು ಮಗಳಿಗೆ ಸೀಟು ಹಿಡಿದವನು, ಕೆನ್ನೆಯಲ್ಲಿ ಹುಣ್ಣಾದಾಗ ಹೆದರಿ ಅದನ್ನು ಯಾರಿಗೆ ಹೇಳುವುದೆಂದು ತಿಳಿಯದೆ ಹೋದವನು. ಆ ಹೆದರಿಕೆಯನ್ನೂ ಸೇರಿಸಿ ನೆನೆದರೆ ಅವನ ಪ್ರೀತಿಗೆ ಕುಂದಿಲ್ಲ.

ಇದನ್ನು ಓದುವ ಅಪ್ಪಂದಿರಲ್ಲಿ ಒಂದೇ ಕೇಳಿಕೆ. ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟಲಲ್ಲಿ ನಿಲ್ಲುವ ತುತ್ತು, ದನಿಯ ಗೊಗ್ಗರು, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಒಂದಿದ್ದರೂ ಕಡ್ಲೆಕಾಯಿ ಕೀಳುವ ತನಕ ಕಾಯಬೇಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಬೆಳಿಗ್ಗೆ ಹೋಗಿ ಹೊರರೋಗಿ ಚೀಟಿ ಮಾಡಿಸಿ, ಬಾಯಿ ತೆರೆದು ತೋರಿಸಿ. ಹೋಗುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ.